ಜ್ವರ ಬಂದಿತ್ತು, ಲಸಿಕೆ ತಗೊಂಡಿದ್ದೆ: ಈಗ ಟಿಬಿ ಟೆಸ್ಟ್ ನಂಬಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಟಿಬಿ ಕಾಯಿಲೆಗಿಂತ ಟಿಬಿ ಟೆಸ್ಟಿನ ಬಗ್ಗೆಯೇ ಪ್ರಶ್ನೆ ಜಾಸ್ತಿ. ಅದರಲ್ಲೂ ಸುಮಾರು ಜನರದು ಒಂದೇ ಗೊಂದಲ. ಮೊನ್ನೆ ಜ್ವರ ಬಂದಿತ್ತು, ಅಥವಾ ಲಸಿಕೆ ಹಾಕಿಸಿಕೊಂಡಿದ್ದೆ, ಈಗ ಟೆಸ್ಟ್ ಮಾಡಿಸಿದರೆ ಫಲಿತಾಂಶ ಸರಿ ಬರುತ್ತಾ? ಕೇಳಲೇಬೇಕಾದ ಪ್ರಶ್ನೆ ಇದು, ಹಾಗಾಗಿ ಈ ಸಂಚಿಕೆಯ ಪುಟ ಪೂರ್ತಿ ಅದಕ್ಕೇ. ಹೆಸರು ಹಾಕಬೇಡಿ ಎಂದು ಹಲವರು ಬರೆದಿದ್ದೀರಿ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ನರ್ಸಿಂಗ್ ವಿದ್ಯಾರ್ಥಿನಿ. ವಾರ್ಡ್ ಡ್ಯೂಟಿ ಶುರುವಾಗುವ ಮೊದಲು ಎಂಎಂಆರ್ ಲಸಿಕೆಯ ದಾಖಲೆ, ಟಿಬಿ ಟೆಸ್ಟಿನ ರಿಪೋರ್ಟ್ ಎರಡೂ ಕೊಡಬೇಕು. ಎಂಎಂಆರ್ ತಗೊಂಡು ಹತ್ತು ದಿನ ಆಯ್ತು. ಮಾಂಟೂ (ಚರ್ಮಕ್ಕೆ ಚುಚ್ಚಿ ಮಾಡುವ ಟಿಬಿ ಟೆಸ್ಟ್) ಹಾಕಿಸೋಣ ಎಂದು ಹೋದರೆ ಲ್ಯಾಬಿನವರು "ಈಗ ಬೇಡ, ಲಸಿಕೆ ಹಾಕಿಸಿ ನಾಲ್ಕು ವಾರ ಆದಮೇಲೆ ಬನ್ನಿ" ಎಂದು ವಾಪಸ್ ಕಳಿಸಿದರು. ಲಸಿಕೆಗೂ ಟಿಬಿ ಟೆಸ್ಟಿಗೂ ಏನು ಸಂಬಂಧ ಡಾಕ್ಟರೇ? ಆಫೀಸಿನವರು ಬೇಗ ರಿಪೋರ್ಟ್ ತನ್ನಿ ಅಂತಿದ್ದಾರೆ.

ಉತ್ತರ: ಲ್ಯಾಬಿನವರು ಹೇಳಿದ್ದು ಸರಿ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮುಂದಿನ ಪ್ರಶ್ನೆಗಳಿಗೂ ಇದೇ ಬುನಾದಿ.

ಮಾಂಟೂ ಆಗಲಿ, ಇಗ್ರಾ ಎನ್ನುವ ರಕ್ತದ ಟೆಸ್ಟ್ ಆಗಲಿ, ಟಿಬಿ ರೋಗಾಣುವನ್ನು ನೇರವಾಗಿ ಹುಡುಕುವುದಿಲ್ಲ. ನಿಮ್ಮ ದೇಹ ಆ ರೋಗಾಣುವನ್ನು ಹಿಂದೆ ಕಂಡಿದೆಯಾ, ಅದರ ನೆನಪು ಉಳಿದಿದೆಯಾ ಎಂದು ನೋಡುತ್ತವೆ, ಅಷ್ಟೇ. ಮಾಂಟೂನಲ್ಲಿ ಮುಂಗೈಯ ಒಳಬದಿಯ ಚರ್ಮದ ಪದರದೊಳಗೆ 0.1 ಮಿಲಿ ಟ್ಯೂಬರ್‌ಕುಲಿನ್ ಹಾಕುತ್ತಾರೆ. ಅದು ಟಿಬಿ ರೋಗಾಣುವಿನಿಂದ ತೆಗೆದ ಪ್ರೋಟೀನ್, ಜೀವ ಇರುವ ರೋಗಾಣು ಅಲ್ಲ. ದೇಹಕ್ಕೆ ಟಿಬಿಯ ಪರಿಚಯ ಮೊದಲೇ ಇದ್ದರೆ, ಅದನ್ನು ನೆನಪಿಟ್ಟುಕೊಂಡ ಟಿ ಕಣಗಳು (ಬಿಳಿ ರಕ್ತಕಣಗಳಲ್ಲೇ ಒಂದು ಬಗೆ) ಆ ಜಾಗಕ್ಕೆ ಬಂದು ಸೇರುತ್ತವೆ, ಎರಡು ಮೂರು ದಿನದಲ್ಲಿ ಅಲ್ಲಿ ಗಟ್ಟಿಯಾಗಿ ಊದಿಕೊಳ್ಳುತ್ತದೆ. ಅದನ್ನೇ 48ರಿಂದ 72 ಗಂಟೆಯ ಒಳಗೆ ಅಳೆಯುವುದು.

ಈಗ ಎಂಎಂಆರ್ ವಿಷಯಕ್ಕೆ ಬರೋಣ. ದಡಾರ, ಮಂಗನಬಾವು, ರುಬೆಲ್ಲಾ ಮೂರರ ವೈರಸ್ಸೂ ಅದರಲ್ಲಿ ಜೀವಂತವಾಗಿಯೇ ಇರುತ್ತವೆ, ಆದರೆ ರೋಗ ತರುವ ಶಕ್ತಿಯನ್ನು ಕುಗ್ಗಿಸಿರುತ್ತಾರೆ. ಲಸಿಕೆ ಹಾಕಿದ ಮೇಲೆ ಅವು ದೇಹದಲ್ಲಿ ಕೆಲವು ದಿನ ಬೆಳೆಯುತ್ತವೆ, ದೇಹ ಅವುಗಳ ಜೊತೆ ಹೋರಾಡಿ ಪಾಠ ಕಲಿಯುತ್ತದೆ. ಲಸಿಕೆ ಕೆಲಸ ಮಾಡುವುದೇ ಹೀಗೆ, ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಆದರೆ ಆ ಕೆಲವು ವಾರ ಟಿ ಕಣಗಳ ಪ್ರತಿಕ್ರಿಯೆ ಸ್ವಲ್ಪ ಮಂಕಾಗಬಹುದು, ಮುಖ್ಯವಾಗಿ ದಡಾರದ ಭಾಗದಿಂದ. ಮನೆಯವರೆಲ್ಲ ಹಿತ್ತಲಲ್ಲಿ ಬೆಂಕಿ ಆರಿಸುತ್ತಾ ಇರುವಾಗ ಮುಂಬಾಗಿಲು ತಟ್ಟಿದರೆ ಯಾರೂ ಬಂದು ತೆಗೆಯುವುದಿಲ್ಲ, ಹಾಗಂತ ಮನೆ ಖಾಲಿ ಇದೆ ಅಂತಲ್ಲ. ಅದೇ ರೀತಿ ಟಿಬಿ ಸೋಂಕು ಇದ್ದರೂ ಕೈಯಲ್ಲಿ ಊತ ಬಾರದೆ ಟೆಸ್ಟ್ ನೆಗೆಟಿವ್ ಆಗಬಹುದು.

ಅದಕ್ಕೇ ನಿಯಮ ಹೀಗಿದೆ: ಜೀವಂತ ವೈರಸ್ಸಿನ ಲಸಿಕೆ ಹಾಕಿಸಿಕೊಳ್ಳುವ ದಿನವೇ ಟಿಬಿ ಟೆಸ್ಟನ್ನೂ ಮಾಡಿಸಿ, ಇಲ್ಲದಿದ್ದರೆ ಲಸಿಕೆಯಾಗಿ ಕನಿಷ್ಠ ನಾಲ್ಕು ವಾರ ಬಿಡಿ. ಅದೇ ದಿನ ಆದರೆ ಯಾಕೆ ತೊಂದರೆ ಇಲ್ಲ ಅಂತ ನಿಮಗೆ ಅನ್ನಿಸಬಹುದು. ಲಸಿಕೆಯ ವೈರಸ್ ಬೆಳೆದು ಟಿ ಕಣಗಳನ್ನು ಮಂಕು ಮಾಡುವುದಕ್ಕೆ ಕೆಲವು ದಿನ ಬೇಕು, ಅಷ್ಟರಲ್ಲಿ ಮಾಂಟೂ ಓದಿ ಮುಗಿದಿರುತ್ತದೆ, ಇಗ್ರಾ ಆದರೆ ರಕ್ತ ಆಗಲೇ ಕೊಳವೆ ಸೇರಿರುತ್ತದೆ. ಮೊದಲು ಟೆಸ್ಟ್ ಮಾಡಿಸಿ ಆಮೇಲೆ ಲಸಿಕೆ ತಗೊಂಡರೂ ಸರಿ. ಚಿಕನ್ ಪಾಕ್ಸ್ ಲಸಿಕೆ, ಹಳದಿ ಜ್ವರದ ಲಸಿಕೆ, ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ, ಇವುಗಳಿಗೂ ಮುಂಜಾಗ್ರತೆಗೆಂದು ಇದೇ ಲೆಕ್ಕ ಇಟ್ಟುಕೊಳ್ಳುತ್ತಾರೆ.

ನೀವು ಈಗ ಮಾಡಬೇಕಾದ್ದು ಸರಳ. ಲಸಿಕೆ ಹಾಕಿಸಿದ ದಿನಾಂಕದಿಂದ 28 ದಿನ ಎಣಿಸಿ, ಆಮೇಲೆ ಹೋಗಿ. ಈ ಮಧ್ಯೆ ಲಸಿಕೆಯ ಚೀಟಿ ತೋರಿಸಿ "ಇಂಥ ದಿನ ಟೆಸ್ಟ್ ಮಾಡಿಸುತ್ತೇನೆ" ಎಂದು ಆಫೀಸಿಗೆ ಬರೆದುಕೊಡಿ. ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು ಇವು ಯಾವುವೂ ಇಲ್ಲ ಎಂದು ಒಬ್ಬ ವೈದ್ಯರಿಂದ ಬರೆಸಿಕೊಟ್ಟರೆ ಇನ್ನೂ ಒಳ್ಳೆಯದು. ಒಂದು ವೇಳೆ ಅವರು ಕೇಳಲೇ ಇಲ್ಲ, ಈಗಲೇ ಮಾಡಿಸಬೇಕಾಯ್ತು ಅಂದುಕೊಳ್ಳಿ. ಪಾಸಿಟಿವ್ ಬಂದರೆ ಅದನ್ನು ಗಂಭೀರವಾಗಿಯೇ ತಗೊಳ್ಳಬೇಕು, ಯಾಕೆಂದರೆ ಎಂಎಂಆರ್ ಇಲ್ಲದ ಪ್ರತಿಕ್ರಿಯೆಯನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಮರೆಮಾಡಬಹುದು ಅಷ್ಟೇ. ನೆಗೆಟಿವ್ ಬಂದರೆ ಮಾತ್ರ ಅದು ಅರ್ಧ ಉತ್ತರ. ನಾಲ್ಕು ವಾರ ಆದಮೇಲೆ ಮತ್ತೆ ಮಾಡಿಸಲೇಬೇಕು.

ನಿಮ್ಮ ಕೆಲಸಕ್ಕೆ ಸಂಬಂಧಪಟ್ಟ ಇನ್ನೊಂದು ಮಾತು. ಆಸ್ಪತ್ರೆ ಕೆಲಸಕ್ಕೆ ಸೇರುವವರಿಗೆ ಮೊದಲ ಮಾಂಟೂ ನೆಗೆಟಿವ್ ಬಂದರೆ ಒಂದರಿಂದ ಮೂರು ವಾರದ ಒಳಗೆ ಇನ್ನೊಂದು ಮಾಂಟೂ ಹಾಕುವ ಪದ್ಧತಿ ಹಲವು ಕಡೆ ಇದೆ. ಎಷ್ಟೋ ವರ್ಷದ ಹಿಂದೆ ಸೋಂಕು ತಗುಲಿದವರಲ್ಲಿ ನೆನಪು ಮಸುಕಾಗಿರುತ್ತದೆ, ಮೊದಲ ಚುಚ್ಚು ಅದನ್ನು ಎಬ್ಬಿಸುತ್ತದೆ, ಎರಡನೆಯದು ಪಾಸಿಟಿವ್ ಆಗುತ್ತದೆ. ಎರಡನೆಯದನ್ನು ಮಾಡದೆ ಬಿಟ್ಟು, ಒಂದು ವರ್ಷ ಬಿಟ್ಟು ನೋಡಿದಾಗ ಪಾಸಿಟಿವ್ ಬಂದರೆ "ವಾರ್ಡಿನಲ್ಲೇ ಟಿಬಿ ಹತ್ತಿತು" ಎಂದು ಎಲ್ಲರೂ ಗಾಬರಿಯಾಗುತ್ತಾರೆ. ಈ ಎರಡನೇ ಟೆಸ್ಟನ್ನು ದಯವಿಟ್ಟು ತಪ್ಪಿಸಬೇಡಿ.

ಪ್ರಶ್ನೆ: ನಮ್ಮ ಮಾವನವರಿಗೆ ಟಿಬಿ ಎಂದು ಕಫ ಪರೀಕ್ಷೆಯಲ್ಲಿ ಗೊತ್ತಾಗಿ ಚಿಕಿತ್ಸೆ ಶುರುವಾಗಿ ಮೂರು ವಾರ ಆಯ್ತು. ಮನೆಯಲ್ಲಿ ಮೂರು ವರ್ಷದ ಮಗ ಇದ್ದಾನೆ, ತಾತನ ಮಡಿಲಲ್ಲೇ ಬೆಳೆದವನು. ಅವನಿಗೆ ಈಗಷ್ಟೇ ದಡಾರ ಬಂದು ಹೋಯಿತು. ಮಾಂಟೂ ಹಾಕಿದಾಗ ಏನೂ ಊತ ಇಲ್ಲ, "0 ಮಿಮೀ" ಅಂತ ಬರೆದಿದ್ದಾರೆ. ಮಗು ಸೇಫ್ ಅಂತ ತಿಳಿಯಬಹುದಾ?

ಉತ್ತರ: ಇಲ್ಲ ತಾಯಿ, ಈ ಸೊನ್ನೆಯನ್ನು ನಂಬಿ ಕೂರಬೇಡಿ. ಈ ಪತ್ರಕ್ಕೆ ಎಲ್ಲಕ್ಕಿಂತ ಮೊದಲು ಉತ್ತರ ಬರೆದೆ.

ದಡಾರ ಮತ್ತು ಟಿಬಿ ಟೆಸ್ಟಿನ ಈ ನಂಟು ನೂರು ವರ್ಷಕ್ಕಿಂತ ಹಳೆಯದು. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ವಾನ್ ಪಿರ್ಕೆ 1907ರಲ್ಲಿ ಚರ್ಮವನ್ನು ಸ್ವಲ್ಪ ಗೀರಿ ಟ್ಯೂಬರ್‌ಕುಲಿನ್ ಹಚ್ಚಿ ನೋಡುವ ಟೆಸ್ಟನ್ನು ಹೊರತಂದರು, ಇವತ್ತಿನ ಮಾಂಟೂಗೆ ಅದೇ ಅಣ್ಣ. ಮರುವರ್ಷವೇ ಅವರು ಇನ್ನೊಂದು ಸಂಗತಿ ಬರೆದರು: ಟ್ಯೂಬರ್‌ಕುಲಿನ್‌ಗೆ ಚೆನ್ನಾಗಿ ಪ್ರತಿಕ್ರಿಯೆ ತೋರಿಸುತ್ತಿದ್ದ ಮಕ್ಕಳಿಗೆ ದಡಾರ ಬಂದರೆ ಆ ಪ್ರತಿಕ್ರಿಯೆ ಮಾಯವಾಗುತ್ತದೆ, ಸ್ವಲ್ಪ ಕಾಲದ ಮೇಲೆ ಮರಳಿ ಬರುತ್ತದೆ. ಒಂದು ವೈರಸ್ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ ಎಂದು ದಾಖಲಾದ ಮೊದಲ ಉದಾಹರಣೆ ಅದು. ದಡಾರದ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೇರ್ಪಡಿಸಿದ್ದು 1954ರಲ್ಲಿ, ಅಂದರೆ ವೈರಸ್ ಹೇಗಿರುತ್ತದೆ ಅಂತ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಆ ವೈದ್ಯರು ಮಕ್ಕಳ ಕೈಯನ್ನಷ್ಟೇ ನೋಡಿ ಇದನ್ನು ಹಿಡಿದಿದ್ದರು. ಈಗ ಕಾರಣವೂ ಗೊತ್ತು. ದಡಾರದ ವೈರಸ್ ನೇರವಾಗಿ ನೆನಪಿನ ಕಣಗಳಿಗೇ ನುಗ್ಗುತ್ತದೆ, ಅವುಗಳ ಮೇಲಿರುವ ಒಂದು ಪ್ರೋಟೀನನ್ನು ಹಿಡಿದುಕೊಂಡು ಒಳಗೆ ಹೋಗಿ ಅವನ್ನೇ ಹಾಳು ಮಾಡುತ್ತದೆ. ಉಳಿದ ಎಷ್ಟೋ ವೈರಲ್ ಜ್ವರಗಳಿಗಿಂತ ದಡಾರದ ಏಟು ಇಲ್ಲಿ ಜೋರಾಗಿರುವುದು ಇದಕ್ಕೇ.

ದಡಾರದ ಜೊತೆಗೆ ಇನ್ನೂ ಒಂದು ಕಾರಣ ಇದೆ. ಟಿಬಿ ಸೋಂಕು ತಗುಲಿದ ಕೂಡಲೇ ಟೆಸ್ಟ್ ಪಾಸಿಟಿವ್ ಆಗುವುದಿಲ್ಲ, ಎರಡರಿಂದ ಎಂಟು ವಾರ ಹಿಡಿಯುತ್ತದೆ. ಅದಕ್ಕೇ ರೋಗಿಯ ಜೊತೆ ಕೊನೆಯ ಒಡನಾಟವಾಗಿ ಎಂಟರಿಂದ ಹತ್ತು ವಾರದ ಮೇಲೆ ಟೆಸ್ಟನ್ನು ಮತ್ತೊಮ್ಮೆ ಮಾಡುತ್ತಾರೆ. ನಿಮ್ಮ ಮಗನ ಸೊನ್ನೆಗೆ ಈ ಎರಡರಲ್ಲಿ ಯಾವುದಾದರೂ ಕಾರಣ ಇರಬಹುದು, ಅಥವಾ ನಿಜವಾಗಿಯೂ ಸೋಂಕು ಇಲ್ಲದೆಯೂ ಇರಬಹುದು. ಈಗಿನ ಕಾಗದ ನೋಡಿ ಹೇಳಲು ಬರುವುದಿಲ್ಲ.

ಆದರೆ ಹೇಳಲು ಬರುವವರೆಗೆ ಕಾಯಬೇಕಾಗಿಯೂ ಇಲ್ಲ, ನಿಮಗೆ ಮುಖ್ಯವಾಗಿ ಗೊತ್ತಾಗಬೇಕಾದ್ದು ಇದೇ. ಮನೆಯಲ್ಲೇ ಟಿಬಿ ರೋಗಿ ಇದ್ದು, ಮಗುವಿಗೆ ಐದು ವರ್ಷ ತುಂಬಿಲ್ಲ ಎಂದಾದರೆ, ಮಗುವಿಗೆ ಟಿಬಿ ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಂಡು, ಟೆಸ್ಟಿನ ಫಲಿತಾಂಶ ಏನೇ ಇರಲಿ, ತಡೆ ಔಷಧಿ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಪುಟ್ಟ ಮಕ್ಕಳಲ್ಲಿ ಸೋಂಕು ಕಾಯಿಲೆಯಾಗಿ ತಿರುಗುವುದು ಬೇಗ, ಮೆದುಳಿನ ಪೊರೆಗೆ ಹರಡುವ ಅಪಾಯವೂ ಜಾಸ್ತಿ. ಬಿಸಿಜಿ (ಟಿಬಿ ತಡೆಯುವ ಲಸಿಕೆ) ಹಾಕಿಸಿದ್ದರೂ ಈ ಸಲಹೆ ಬದಲಾಗುವುದಿಲ್ಲ. ತಡೆ ಔಷಧಿ ಅಂದರೆ ಸಾಮಾನ್ಯವಾಗಿ ಐಸೊನಿಯಾಜಿಡ್ ಆರು ತಿಂಗಳು, ಅಥವಾ ಐಸೊನಿಯಾಜಿಡ್ ಜೊತೆ ರಿಫಾಂಪಿಸಿನ್ ಮೂರು ತಿಂಗಳು. ತಾತನ ಟಿಬಿ ಮದ್ದಿಗೆ ಬಗ್ಗದ ಬಗೆಯದಾಗಿದ್ದರೆ ಔಷಧಿ ಬೇರೆ ಆಗಬಹುದು, ಅವರ ರಿಪೋರ್ಟನ್ನೂ ಜೊತೆಗೆ ಒಯ್ಯಿರಿ.

ಈ ವಾರವೇ ಮಗುವನ್ನು ಕರೆದುಕೊಂಡು ತಾತನ ಚಿಕಿತ್ಸೆ ನಡೆಯುತ್ತಿರುವ ಕಡೆಗೇ ಹೋಗಿ. "ಮನೆಯಲ್ಲಿ ಮೂರು ವರ್ಷದ ಮಗು ಇದೆ, ದಡಾರ ಬಂದಿತ್ತು, ಇಂಥ ದಿನ ದದ್ದು ಎದ್ದಿತ್ತು, ಇಂಥ ದಿನ ಮಾಂಟೂ ಹಾಕಿದರು" ಎಂದು ದಿನಾಂಕ ಸಮೇತ ಹೇಳಿ. ಮಗುವಿನ ತೂಕ, ಎಕ್ಸ್-ರೇ, ಕುತ್ತಿಗೆಯ ಗಂಟು ಎಲ್ಲ ನೋಡುತ್ತಾರೆ. ದಡಾರ ಆದಮೇಲೂ ಮಗು ಚೇತರಿಸಿಕೊಳ್ಳುತ್ತಿಲ್ಲ, ಮಂಕಾಗಿದೆ, ಊಟ ಸೇರುತ್ತಿಲ್ಲ, ಜ್ವರ ಬಿಡುತ್ತಿಲ್ಲ ಅಂದರೆ ವಾರ ಕಾಯುವುದೂ ಬೇಡ, ನಾಳೆಯೇ ಹೋಗಿ.

ಪ್ರಶ್ನೆ: ನನ್ನ ತಂದೆಗೆ 66 ವರ್ಷ, ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ಹೊಸದೊಂದು ಬಯಾಲಜಿಕ್ ಇಂಜೆಕ್ಷನ್ (ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಔಷಧಿ) ಶುರು ಮಾಡುವ ಮೊದಲು ಕ್ವಾಂಟಿಫೆರಾನ್ ಟೆಸ್ಟ್ ಮಾಡಿಸಲು ಹೇಳಿದರು. ರಿಪೋರ್ಟಿನಲ್ಲಿ ಪಾಸಿಟಿವ್ವೂ ಇಲ್ಲ, ನೆಗೆಟಿವ್ವೂ ಇಲ್ಲ, "ಇಂಡಿಟರ್ಮಿನೇಟ್" ಅಂತ ಬಂದಿದೆ. ಟೆಸ್ಟಿಗೆ ಎರಡು ವಾರ ಮುಂಚೆ ಅವರಿಗೆ ಕೋವಿಡ್ ಆಗಿ ಆಸ್ಪತ್ರೆಯಲ್ಲಿದ್ದರು, ಸ್ಟೀರಾಯ್ಡ್ ಕೊಟ್ಟಿದ್ದರು. ಲ್ಯಾಬಿನವರದು ತಪ್ಪಾ, ಅಥವಾ ಅಪ್ಪನಿಗೆ ಏನಾದರೂ ಇದೆಯಾ?

ಉತ್ತರ: ಎರಡೂ ಆಗಿರಬೇಕಿಲ್ಲ. ರಿಪೋರ್ಟಿನಲ್ಲಿರುವ ಅಂಕಿಗಳನ್ನು ಓದಲು ಕಲಿತರೆ ನಿಮಗೇ ಅರ್ಥವಾಗುತ್ತದೆ.

ಕ್ವಾಂಟಿಫೆರಾನ್ ಅಂದರೆ ಮೇಲೆ ಹೇಳಿದ ಇಗ್ರಾ ರಕ್ತದ ಟೆಸ್ಟಿನಲ್ಲೇ ಒಂದು ಬಗೆ. ಈ ಟೆಸ್ಟಿಗೆ ನಾಲ್ಕು ಪುಟ್ಟ ಕೊಳವೆಗಳಲ್ಲಿ ತಲಾ 1 ಮಿಲಿ ರಕ್ತ ತೆಗೆಯುತ್ತಾರೆ. ಬೂದು ಮುಚ್ಚಳದ್ದು ನಿಲ್, ಅದರಲ್ಲಿ ಏನೂ ಇರುವುದಿಲ್ಲ. ಹಸಿರು ಮತ್ತು ಹಳದಿ ಮುಚ್ಚಳದವುಗಳಲ್ಲಿ ಟಿಬಿ ರೋಗಾಣುವಿನ ಪ್ರೋಟೀನ್ ತುಣುಕುಗಳಿರುತ್ತವೆ. ನೇರಳೆ ಮುಚ್ಚಳದ್ದು ಮೈಟೋಜೆನ್, ಇದರಲ್ಲಿ ಕಿಡ್ನಿ ಬೀನ್ಸಿನಿಂದ ಬರುವ ಒಂದು ಪ್ರೋಟೀನ್ ಇರುತ್ತದೆ, ಅದು ಟಿ ಕಣಗಳನ್ನು ಟಿಬಿಯ ಹಂಗಿಲ್ಲದೆ ಕೆರಳಿಸುತ್ತದೆ. ಕೊಳವೆಗಳನ್ನು ಚೆನ್ನಾಗಿ ಅಲುಗಾಡಿಸಿ, 37 ಡಿಗ್ರಿ ಬಿಸಿಯಲ್ಲಿ 16ರಿಂದ 24 ಗಂಟೆ ಇಟ್ಟು, ಟಿ ಕಣಗಳು ಎಷ್ಟು ಗಾಮಾ ಇಂಟರ್‌ಫೆರಾನ್ (ಕೆರಳಿದಾಗ ಅವು ಬಿಡುವ ಒಂದು ಪ್ರೋಟೀನ್) ಬಿಟ್ಟಿವೆ ಅಂತ ಅಳೆಯುತ್ತಾರೆ. ಟಿಬಿ ಕೊಳವೆಯ ಅಂಕಿಯಿಂದ ನಿಲ್ ಕಳೆದರೆ 0.35 ಅಥವಾ ಜಾಸ್ತಿ ಬಂದು, ಅದು ನಿಲ್ ಅಂಕಿಯ ಕಾಲು ಭಾಗಕ್ಕಿಂತ ಕಡಿಮೆ ಇಲ್ಲದಿದ್ದರೆ ಪಾಸಿಟಿವ್.

ಮೈಟೋಜೆನ್ ಕೊಳವೆಯೇ ಇಲ್ಲಿ ಸಾಕ್ಷಿ. ಟಿ ಕಣಗಳಿಗೆ ಕೆಲಸ ಮಾಡುವ ಶಕ್ತಿ ಇದ್ದರೆ ಅದರಲ್ಲಿ ಅಂಕಿ ಏರಲೇಬೇಕು. ಅಲ್ಲಿಯೂ ನಿಲ್ ಕಳೆದ ಮೇಲೆ 0.5ಕ್ಕಿಂತ ಕಡಿಮೆ, ಟಿಬಿ ಕೊಳವೆಗಳಲ್ಲೂ ಏನೂ ಇಲ್ಲ ಅಂದರೆ ಲ್ಯಾಬಿನವರು ನೆಗೆಟಿವ್ ಅಂತ ಬರೆಯುವುದಿಲ್ಲ, ಬರೆಯಲೂ ಬಾರದು. ಮಾಂಟೂಗೆ ಈ ಅನುಕೂಲ ಇಲ್ಲ ನೋಡಿ. ಅಲ್ಲಿ ದೇಹ ಸುಸ್ತಾಗಿ ಸುಮ್ನಿದ್ದರೂ ಸೊನ್ನೆ, ಸೋಂಕು ಇಲ್ಲದಿದ್ದರೂ ಸೊನ್ನೆ. ಇಗ್ರಾದಲ್ಲಿ ಕನಿಷ್ಠ "ನನಗೆ ಈಗ ಹೇಳಲು ಆಗುತ್ತಿಲ್ಲ" ಎಂಬ ಉತ್ತರವಾದರೂ ಬರುತ್ತದೆ. ಅದಕ್ಕೇ ನನಗೆ ಈ ಟೆಸ್ಟಿನ ಮೇಲೆ ಗೌರವ.

ಕೋವಿಡ್ ಜೋರಾಗಿ ಬಂದವರಲ್ಲಿ ರಕ್ತದ ಲಿಂಫೋಸೈಟ್ ಕಣಗಳು ಇಳಿದುಹೋಗುತ್ತವೆ, ಟಿ ಕಣಗಳು ಅವುಗಳಲ್ಲೇ ಒಂದು ಭಾಗ. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲಿ ಇಂಡಿಟರ್ಮಿನೇಟ್ ಫಲಿತಾಂಶ ಜಾಸ್ತಿ ಬರುವುದನ್ನು ಬೇರೆ ಬೇರೆ ಕಡೆ ವೈದ್ಯರು ಗಮನಿಸಿದ್ದಾರೆ. ಅದರ ಮೇಲೆ ಸ್ಟೀರಾಯ್ಡ್ ಬೇರೆ, ಅದೂ ಇದೇ ಕಣಗಳನ್ನು ತಗ್ಗಿಸುತ್ತದೆ. ಆದರೆ ಇಂಡಿಟರ್ಮಿನೇಟ್‌ಗೆ ಇನ್ನೊಂದು ದಾರಿಯೂ ಇದೆ. ನಿಲ್ ಕೊಳವೆಯ ಅಂಕಿಯೇ 8ಕ್ಕಿಂತ ಜಾಸ್ತಿ ಇದ್ದರೆ ದೇಹ ಆಗಲೇ ಯಾವುದೋ ಕಾರಣಕ್ಕೆ ಕೆರಳಿ ಕೂತಿದೆ ಎಂದರ್ಥ, ಆಗಲೂ ಟಿಬಿ ಬಗ್ಗೆ ಏನೂ ಹೇಳಲಾಗದು. ರಕ್ತ ತೆಗೆದು ತುಂಬಾ ಹೊತ್ತು ಇಟ್ಟಿದ್ದರೆ, ಕೊಳವೆ ಸರಿಯಾಗಿ ಅಲುಗಾಡಿಸದಿದ್ದರೆ ಮೈಟೋಜೆನ್ ಅಂಕಿ ಬೀಳುವುದೂ ಉಂಟು. ಹಾಗಾಗಿ "ಇಂಡಿಟರ್ಮಿನೇಟ್" ಎಂಬ ಒಂದು ಪದ ಸಾಲದು, ನಾಲ್ಕೂ ಅಂಕಿ ಕೊಡಿ ಎಂದು ಲ್ಯಾಬಿನಲ್ಲಿ ಕೇಳಿ ಪಡೆಯಿರಿ.

ತಂದೆಯವರು ಪೂರ್ತಿ ಚೇತರಿಸಿಕೊಂಡ ಮೇಲೆ ಟೆಸ್ಟ್ ಮತ್ತೆ ಮಾಡಿಸಿ. ಇಂಥ ಕಾಯಿಲೆಯ ನಂತರ ನಾಲ್ಕರಿಂದ ಆರು ವಾರ ಬಿಡುವುದು ವಾಡಿಕೆ, ಸ್ಟೀರಾಯ್ಡ್ ಇನ್ನೂ ನಡೆಯುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಸಂಧಿವಾತಕ್ಕೆ ಮೊದಲಿಂದ ತಗೊಳ್ಳುತ್ತಿರುವ ಮಾತ್ರೆಗಳನ್ನು ಮಾತ್ರ ಟೆಸ್ಟಿಗೋಸ್ಕರ ನೀವಾಗಿಯೇ ನಿಲ್ಲಿಸಬೇಡಿ. ಬಯಾಲಜಿಕ್ ಇಂಜೆಕ್ಷನ್‌ಗೆ ಅವಸರ ಮಾಡುವುದೂ ಬೇಡ, ಅದರಲ್ಲೂ ಟಿಎನ್‌ಎಫ್ (ಉರಿಯೂತ ಎಬ್ಬಿಸುವ, ದೇಹದ್ದೇ ಒಂದು ಪ್ರೋಟೀನ್) ಅನ್ನು ತಡೆಯುವ ಬಗೆಯದಾಗಿದ್ದರೆ. ಒಳಗೆ ಮಲಗಿರುವ ಟಿಬಿ ರೋಗಾಣುಗಳ ಸುತ್ತ ದೇಹ ಒಂದು ಗಂಟು ಕಟ್ಟಿ ಕೂಡಿಹಾಕಿರುತ್ತದೆ, ಆ ಗಂಟು ಗಟ್ಟಿಯಾಗಿ ಉಳಿಯಲು ಟಿಎನ್‌ಎಫ್ ಬೇಕು. ಅದನ್ನು ತಡೆದರೆ ಗಂಟು ಸಡಿಲವಾಗಿ ಟಿಬಿ ಎದ್ದೇಳಬಹುದು. ಎರಡನೇ ಸಲವೂ ಇಂಡಿಟರ್ಮಿನೇಟ್ ಬಂದರೆ ವೈದ್ಯರು ಎದೆಯ ಎಕ್ಸ್-ರೇ, ಹಿಂದೆ ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ ಎಂಬ ವಿವರ, ಮಾಂಟೂ, ಇವೆಲ್ಲ ಒಟ್ಟಿಗೆ ಇಟ್ಟುಕೊಂಡು ತೀರ್ಮಾನ ಮಾಡುತ್ತಾರೆ.

ಪ್ರಶ್ನೆ: ಕೋವಿಡ್ ಲಸಿಕೆ, ಫ್ಲೂ ಇಂಜೆಕ್ಷನ್, ಟಿಟಿ, ನಾಯಿ ಕಚ್ಚಿದಾಗ ಹಾಕುವ ಲಸಿಕೆ, ಇವುಗಳಿಗೂ ನಾಲ್ಕು ವಾರ ಕಾಯಬೇಕಾ?

ಉತ್ತರ: ಬೇಡ. ಇವುಗಳಲ್ಲಿ ಬೆಳೆಯುವಂಥ ಜೀವಂತ ವೈರಸ್ ಇಲ್ಲ. ಟೆಸ್ಟಿನ ಮೊದಲು, ಅದೇ ದಿನ, ಆಮೇಲೆ, ಯಾವಾಗ ಬೇಕಾದರೂ ಹಾಕಿಸಿಕೊಳ್ಳಿ. ಕೋವಿಡ್ ಲಸಿಕೆ ಹೊಸದಾಗಿ ಬಂದಾಗ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಮುಂಜಾಗ್ರತೆಗೆಂದು ನಾಲ್ಕು ವಾರದ ಅಂತರ ಹೇಳಿತ್ತು. 2021ರಲ್ಲಿ ಅದನ್ನು ಕೈಬಿಟ್ಟಿತು. ಹಳೆಯ ಮಾತು ಇನ್ನೂ ಕೆಲವು ಕಡೆ ಓಡಾಡುತ್ತಿದೆ, ಗೊಂದಲಕ್ಕೆ ಅದೇ ಕಾರಣ. ನಾಯಿ ಕಚ್ಚಿದ ಲಸಿಕೆಯನ್ನಂತೂ ಯಾವ ಟೆಸ್ಟಿಗಾಗಿಯೂ ಒಂದು ದಿನವೂ ಮುಂದೂಡಬೇಡಿ.

ಪ್ರಶ್ನೆ: ನನ್ನ ತೋಳಿನ ಮೇಲೆ ಬಿಸಿಜಿ ಕಲೆ ಇದೆ. ಮಾಂಟೂ 12 ಮಿಮೀ ಬಂತು. "ಬಿಸಿಜಿ ಹಾಕಿಸಿದವರಿಗೆಲ್ಲ ಹಾಗೇ ಬರುತ್ತೆ, ಬಿಡಿ" ಅಂತ ಒಬ್ಬರು, "ಔಷಧಿ ಶುರು ಮಾಡಿ" ಅಂತ ಇನ್ನೊಬ್ಬರು. ಯಾರನ್ನು ನಂಬಲಿ?

ಉತ್ತರ: ಇದು ಮೇಲಿನ ಪ್ರಶ್ನೆಗಳಿಗೆ ತಿರುಗುಮುರುಗು. ಅಲ್ಲಿ ಲಸಿಕೆ ಸೋಂಕನ್ನು ಮರೆಮಾಡುತ್ತದೆ, ಇಲ್ಲಿ ಲಸಿಕೆಯೇ ಸೋಂಕಿನ ಹಾಗೆ ಕಾಣಬಹುದು. ಬಿಸಿಜಿಯನ್ನು ಮಾಡಿರುವುದು ಟಿಬಿ ರೋಗಾಣುವಿನ ದಾಯಾದಿಯಿಂದ, ಟ್ಯೂಬರ್‌ಕುಲಿನ್‌ನಲ್ಲಿರುವ ಎಷ್ಟೋ ಪ್ರೋಟೀನ್‌ಗಳು ಎರಡರಲ್ಲೂ ಇವೆ. ಆದರೆ ಹುಟ್ಟಿದ ಕೂಡಲೇ ಹಾಕಿದ ಬಿಸಿಜಿಯ ಪ್ರಭಾವ ಮಾಂಟೂ ಮೇಲೆ ವರ್ಷ ಕಳೆದ ಹಾಗೆ ಇಳಿಯುತ್ತದೆ, ಹತ್ತು ವರ್ಷದ ಮೇಲೆ ಹೆಚ್ಚೇನೂ ಉಳಿದಿರುವುದಿಲ್ಲ. ದೊಡ್ಡವರಾದ ಮೇಲೆ ಹಾಕಿಸಿದ್ದರೆ, ಅಥವಾ ಒಂದಕ್ಕಿಂತ ಹೆಚ್ಚು ಸಲ ಹಾಕಿಸಿದ್ದರೆ ಜಾಸ್ತಿ ಕಾಲ ಉಳಿಯುತ್ತದೆ. ನೀವು ವಯಸ್ಕರು, ಬಿಸಿಜಿ ಕೂಸಾಗಿದ್ದಾಗ ಹಾಕಿದ್ದು ಎಂದಾದರೆ 12 ಮಿಮೀಯನ್ನು ಸುಮ್ನೆ ಬಿಸಿಜಿ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಇಗ್ರಾ ಮಾಡಿಸಿ. ಅದರಲ್ಲಿ ಬಳಸುವ ಇಸಾಟ್-6, ಸಿಎಫ್‌ಪಿ-10 ಎಂಬ ಪ್ರೋಟೀನ್‌ಗಳು ಬಿಸಿಜಿಯಲ್ಲಿ ಇಲ್ಲ, ಹಾಗಾಗಿ ಬಿಸಿಜಿಯಿಂದ ಅದು ಪಾಸಿಟಿವ್ ಆಗುವುದಿಲ್ಲ. ಇದೇ ಪ್ರೋಟೀನ್‌ಗಳನ್ನು ಇಟ್ಟುಕೊಂಡು ಮಾಂಟೂ ಥರವೇ ಚರ್ಮಕ್ಕೆ ಚುಚ್ಚುವ ಹೊಸ ಟೆಸ್ಟುಗಳೂ ಬಂದಿವೆ, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವಕ್ಕೆ ಒಪ್ಪಿಗೆ ಕೊಟ್ಟಿದೆ. ಒಂದು ಎಚ್ಚರಿಕೆ: ಮಾಂಟೂ ಹಾಕಿ ಮೂರು ದಿನ ದಾಟಿದ ಮೇಲೆ ಇಗ್ರಾ ಮಾಡಿಸಿದರೆ, ಆ ಮಾಂಟೂ ಚುಚ್ಚೇ ಇಗ್ರಾ ಅಂಕಿಯನ್ನು ಸ್ವಲ್ಪ ಏರಿಸಬಹುದು. ಎರಡೂ ಬೇಕು ಅಂತ ಮೊದಲೇ ಗೊತ್ತಿದ್ದವರು ಮಾಂಟೂ ಹಾಕುವ ದಿನವೇ ರಕ್ತ ಕೊಟ್ಟುಬಿಡುವುದು ಒಳ್ಳೆಯದು. ನಿಮ್ಮದು ಆಗಲೇ ಮುಗಿದಿದೆ, ಹಾಗಾಗಿ ಮಾಂಟೂ ಹಾಕಿದ ದಿನಾಂಕವನ್ನು ಲ್ಯಾಬಿಗೂ ವೈದ್ಯರಿಗೂ ತಿಳಿಸಿ. ಪಾಸಿಟಿವ್ ಬಂದರೂ ಟಿಬಿ ಕಾಯಿಲೆ ಇದೆ ಅಂತಲ್ಲ. ಪ್ರಪಂಚದ ಸುಮಾರು ಕಾಲು ಭಾಗ ಜನರಲ್ಲಿ ಈ ಸೋಂಕು ಇದೆ ಎಂದು ಅಂದಾಜು, ಅವರಲ್ಲಿ ನೂರಕ್ಕೆ 5ರಿಂದ 10 ಜನರಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲಾದರೂ ಕಾಯಿಲೆಯಾಗಿ ಏಳುತ್ತದೆ. ಎಕ್ಸ್-ರೇ ಮಾಡಿಸಿ, ಆಮೇಲೆ ತಡೆ ಔಷಧಿ ಬೇಕಾ ಅಂತ ಮಾತಾಡಿ.

ಪ್ರಶ್ನೆ: ನಾನು ಎಚ್‌ಐವಿ ಜೊತೆ ಬದುಕುತ್ತಿದ್ದೇನೆ, ಮಾತ್ರೆ ತಪ್ಪದೆ ತಗೊಳ್ಳುತ್ತೇನೆ. ಮಾಂಟೂ 6 ಮಿಮೀ ಬಂದಿದೆ. "10 ಇಲ್ಲವಲ್ಲ, ನೆಗೆಟಿವ್" ಎಂದರು. ಸರಿನಾ?

ಉತ್ತರ: ನಿಮಗೆ ಪಾಸಿಟಿವ್ ಅನ್ನುವ ಗೆರೆ 10 ಅಲ್ಲ, 5 ಮಿಮೀ. ಎಚ್‌ಐವಿ ಕೂಡ ವೈರಸ್ಸೇ, ಮತ್ತೆ ಅದು ಇದೇ ಟಿ ಕಣಗಳ ಮೇಲೆ ಬೀಳುವ ವೈರಸ್, ಹಾಗಾಗಿ ಊತ ಚಿಕ್ಕದಾಗಿ ಬರುತ್ತದೆ ಎಂದು ಗೆರೆಯನ್ನೇ ಕೆಳಗಿಳಿಸಿದ್ದಾರೆ. 6 ಅಂದರೆ ಪಾಸಿಟಿವ್. ಸಿಡಿ4 (ಟಿ ಕಣಗಳಲ್ಲೇ ಒಂದು ಬಗೆಯ ಎಣಿಕೆ) ತುಂಬಾ ಕಡಿಮೆ ಇರುವವರಲ್ಲಿ ಮಾಂಟೂ ಪೂರ್ತಿ ಸೊನ್ನೆಯೂ ಆಗಬಹುದು, ಇಗ್ರಾ ಇಂಡಿಟರ್ಮಿನೇಟ್ ಆಗಬಹುದು. ಹಾಗಾಗಿಯೇ ಎಚ್‌ಐವಿ ಇರುವ ದೊಡ್ಡವರಿಗೆ ಟಿಬಿ ಕಾಯಿಲೆ ಇಲ್ಲ ಎಂದು ನೋಡಿಕೊಂಡು, ಟೆಸ್ಟಿಗೆ ಕಾಯದೆ ತಡೆ ಔಷಧಿ ಕೊಡಬಹುದು. ನಿಮ್ಮ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ವೈದ್ಯರ ಹತ್ತಿರ ಈ ರಿಪೋರ್ಟ್ ಹಿಡಿದು ಹೋಗಿ. ಕೆಲವು ತಡೆ ಔಷಧಿಗಳು ಕೆಲವು ಎಚ್‌ಐವಿ ಮಾತ್ರೆಗಳ ಜೊತೆ ಹೊಂದುವುದಿಲ್ಲ, ಅವರೇ ನೋಡಿ ಆರಿಸಬೇಕು.

ಪ್ರಶ್ನೆ: ವೈರಲ್ ಫೀವರ್ ಬಂದು ಹೋಗಿ ಒಂದು ತಿಂಗಳಾಗುತ್ತಾ ಬಂತು. ಕೆಮ್ಮು ಮಾತ್ರ ನಿಂತಿಲ್ಲ, ತೂಕ ಸ್ವಲ್ಪ ಇಳಿದಿದೆ. ಮಾಂಟೂ ನೆಗೆಟಿವ್. ವೈರಸ್ ಬಂದಿದ್ದರಿಂದ ಟೆಸ್ಟ್ ತಪ್ಪಿರಬಹುದು, ಇನ್ನೆರಡು ವಾರ ಬಿಟ್ಟು ಮತ್ತೆ ಮಾಂಟೂ ಮಾಡಿಸೋಣ ಅಂತ ಇದ್ದೇನೆ.

ಉತ್ತರ: ಕಾಯಬೇಡಿ. ನಿಮಗೆ ಬೇಕಾಗಿರುವುದು ಮಾಂಟೂ ಅಲ್ಲವೇ ಅಲ್ಲ. ಎರಡು ವಾರ ದಾಟಿದ ಕೆಮ್ಮು, ಜೊತೆಗೆ ತೂಕ ಇಳಿದಿದೆ ಅಂದರೆ ಕಫ ಪರೀಕ್ಷೆ ಮತ್ತು ಎದೆಯ ಎಕ್ಸ್-ರೇ ಆಗಬೇಕು, ಅದೂ ಈಗಲೇ. ಕಫದಲ್ಲಿ ರೋಗಾಣುವಿನ ಡಿಎನ್‌ಎಯನ್ನೇ ಹುಡುಕುವ ಮಾಲಿಕ್ಯುಲರ್ ಟೆಸ್ಟ್ ಇದೆ, ಯಂತ್ರಕ್ಕೆ ಹಾಕಿದರೆ ಕೆಲವೇ ಗಂಟೆಗಳಲ್ಲಿ ಉತ್ತರ ಬರುತ್ತದೆ, ಜ್ವರ ಬಂದಿತ್ತು, ಲಸಿಕೆ ಆಗಿತ್ತು ಎಂಬುದು ಅದರ ಉತ್ತರವನ್ನು ಕದಲಿಸುವುದಿಲ್ಲ, ಯಾಕೆಂದರೆ ಅದು ನಿಮ್ಮ ದೇಹದ ನೆನಪನ್ನು ಕೇಳುತ್ತಿಲ್ಲ. ಟಿಬಿ ಕಾಯಿಲೆ ಜೋರಾಗಿ ಇರುವವರಲ್ಲೇ ಮಾಂಟೂ ನೆಗೆಟಿವ್ ಬರುವುದುಂಟು, ದೇಹ ಅಷ್ಟು ಬಳಲಿರುತ್ತದೆ. ಆ ಒಂದು ನೆಗೆಟಿವ್ ಚೀಟಿ ಕೈಯಲ್ಲಿ ಹಿಡಿದುಕೊಂಡು ತಿಂಗಳುಗಟ್ಟಲೆ ಮನೆಯಲ್ಲಿ ಕೆಮ್ಮುತ್ತಾ ಕೂತವರನ್ನು ನೋಡಿದಾಗ ತುಂಬಾ ಸಂಕಟ ಆಗುತ್ತದೆ. ಬೆಳಗ್ಗೆ ಎದ್ದ ಕೂಡಲೇ ಆಳದಿಂದ ಕೆಮ್ಮಿ ಬರುವ ಕಫವನ್ನು ಕೊಡಿ, ಬರೀ ಎಂಜಲು ಬೇಡ. ಫಲಿತಾಂಶ ಬರುವವರೆಗೆ ಮನೆಯಲ್ಲಿ ಮಾಸ್ಕ್ ಹಾಕಿ, ಕಿಟಕಿ ತೆರೆದಿಡಿ.

ಪ್ರಶ್ನೆ: ಸಣ್ಣ ನೆಗಡಿ ಇದೆ. ನಾಳೆ ಮಾಂಟೂ ಹಾಕಿಸಬಹುದಾ?

ಉತ್ತರ: ಹಾಕಿಸಿ. ಮೂಗು ಸೋರುವ ನೆಗಡಿಗೆಲ್ಲ ಟೆಸ್ಟ್ ಮುಂದೂಡುವ ರೂಢಿ ಇಲ್ಲ. ಹಾಸಿಗೆ ಹಿಡಿಸುವಂಥ ಜ್ವರ, ದಡಾರ, ಚಿಕನ್ ಪಾಕ್ಸ್, ಮಂಗನಬಾವು, ಜೋರು ಫ್ಲೂ ಆಗಿದ್ದರೆ ಮಾತ್ರ ಹೇಳಿ.

ಪ್ರಶ್ನೆ: ಮೊನ್ನೆ ಮಾಂಟೂ ಹಾಕಿಸಿದೆ. ಅದೇ ರಾತ್ರಿ ಜ್ವರ ಶುರುವಾಗಿ ಎದ್ದು ಓಡಾಡಲು ಆಗುತ್ತಿಲ್ಲ. ಕೈ ಕೆಂಪಾಗಿದೆ. ಫೋಟೋ ತೆಗೆದು ಕಳಿಸಿದರೆ ಸಾಕಲ್ವಾ, ಅಥವಾ ಜ್ವರ ಬಿಟ್ಟ ಮೇಲೆ ಹೋದರೆ ಆಗುತ್ತಾ?

ಉತ್ತರ: ಫೋಟೋದಲ್ಲಿ ಕಾಣುವುದು ಕೆಂಪು, ಅಳೆಯಬೇಕಾದ್ದು ಗಟ್ಟಿ ಊತ. ಬೆರಳ ತುದಿಯಿಂದ ಮೆಲ್ಲಗೆ ಸವರಿ ಅಂಚು ಎಲ್ಲಿದೆ ಎಂದು ಗುರುತು ಹಾಕಿ, ಮುಂಗೈಗೆ ಅಡ್ಡವಾಗಿ ಸ್ಕೇಲ್ ಇಟ್ಟು ಅಳೆಯುತ್ತಾರೆ. ಕೆಂಪು ಎಷ್ಟೇ ಅಗಲ ಇರಲಿ ಅದು ಲೆಕ್ಕಕ್ಕಿಲ್ಲ. ಹಾಗಾಗಿ ಯಾರಾದರೂ ಜೊತೆಗೆ ಬಂದರೆ ಹೇಗಾದರೂ 72 ಗಂಟೆಯ ಒಳಗೆ ಹೋಗಿ. ಮಾಸ್ಕ್ ಹಾಕಿಕೊಳ್ಳಿ, ಜ್ವರಕ್ಕೂ ಅಲ್ಲೇ ತೋರಿಸಿ ಬನ್ನಿ. ಆಗಲೇ ಇಲ್ಲ, ತಡವಾಯಿತು ಎಂದಾದರೂ ಹೋಗಿ ತೋರಿಸಿ. ಒಂದು ವಾರದವರೆಗೂ ಗಟ್ಟಿ ಊತ ಉಳಿದಿದ್ದು ಅಳತೆಯಲ್ಲಿ ಪಾಸಿಟಿವ್ ಬಂದರೆ ಅದನ್ನು ಒಪ್ಪಿಕೊಳ್ಳಬಹುದು. ಊತ ಇಲ್ಲದಿದ್ದರೆ ಮಾತ್ರ ನೆಗೆಟಿವ್ ಅಂತ ಬರೆಸಿಕೊಳ್ಳಬೇಡಿ, ಮತ್ತೆ ಹಾಕಿಸಬೇಕು. ಆ ಮತ್ತೆ ಹಾಕಿಸುವುದು ಈ ಜ್ವರ ಪೂರ್ತಿ ಬಿಟ್ಟು ನೀವು ಚೇತರಿಸಿಕೊಂಡ ಮೇಲೆ. ಈ ಸಲ ಇನ್ನೊಂದು ಕೈಗೆ ಹಾಕಲು ಹೇಳಿ, ಮತ್ತೆ ರಿಪೋರ್ಟಿನಲ್ಲಿ "ನೆಗೆಟಿವ್" ಅಂತಷ್ಟೇ ಅಲ್ಲ, ಎಷ್ಟು ಮಿಮೀ, ಹಾಕಿದ ದಿನ, ಓದಿದ ದಿನ, ಇಷ್ಟನ್ನೂ ಬರೆಸಿಕೊಂಡು ಬನ್ನಿ.